ಹೋಳಿಗೆ ವಾಸನೆಯ ಬೇಕನ್

ನಮ್ಮ ಕಾಲದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಅಂಗಳಕ್ಕೆಲ್ಲ ಗೊತ್ತಿರುತ್ತಿತ್ತು. ಗುಟ್ಟಾಗಿ ಉಣ್ಣುವುದು ಆಗದ ಮಾತು. ಈ ತೊಂಬತ್ತರ ದಶಕದ ಕೊನೆಯಲ್ಲಿ, ಎಕ್ಸಾಸ್ಟ್ ಫ್ಯಾನ್ ಇರುವ ಕಿಚನ್ ಕಂಡ ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ.

ಡ್ಯಾಡಿ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್. ನಾವಿದ್ದದ್ದು ಗಂಗಮ್ಮನ ಮನೆಯ ಹಿಂಭಾಗದಲ್ಲಿ, ಬಾಡಿಗೆಗೆ. ಅವಳಿಗೆ ನಮ್ಮನ್ನು ಕಂಡರೆ ಆಗುತ್ತಿರಲಿಲ್ಲ, ನಮಗೂ ಅವಳನ್ನು ಕಂಡರೆ ಅಷ್ಟೇ. ನನ್ನ ಯೂನಿಫಾರ್ಮ್ ಒಣಗಲು ಹಾಕಿದ ಹೊತ್ತಿಗೇ ಅಂಗಳ ಗುಡಿಸಿ ಧೂಳೆಬ್ಬಿಸುವಳು. ನಾನು ಅವಳೆದುರು ಮೂಗು ಹಿಡಿದುಕೊಂಡು "ಗುಡ್ ಮಾರ್ನಿಂಗ್" ಅನ್ನುತ್ತಿದ್ದೆ. ಆದರೂ ಆ ಮನೆ ಬಿಡುವಂತಿರಲಿಲ್ಲ. ನನ್ನ ಕಾನ್ವೆಂಟ್ ಹತ್ತಿರವೇ ಇತ್ತು, ಮಾಂಸ ತಿನ್ನುವವರಿಗೆ ಆ ಕಡೆ ಬೇರೆ ಯಾರೂ ಮನೆ ಕೊಡುತ್ತಿರಲಿಲ್ಲ. ಇದು ಹೋದರೆ ಹರಿಹರದ ಅಜ್ಜಿ ಮನೆಯೇ ಗತಿ.

ಆ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಹುಬ್ಬಳ್ಳಿಯ ರೈಲ್ವೆ ಕಾಲೋನಿಯಿಂದ ಆಂಟಿ ಉಪ್ಪು ಹಚ್ಚಿ ಹದ ಮಾಡಿದ ಹಂದಿಮಾಂಸ, ಅಂದರೆ ಬೇಕನ್, ಕಳಿಸಿದರು. ಮಮ್ಮಿ ಎರಡು ಚೂರು ಹೆಂಚಿಗೆ ಹಾಕಿದ್ದೇ ತಡ, ಗಂಗಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಬಂದಳು.

"ಲೂಸಮ್ಮ, ಮಾಂಸ ಬೇಯ್ಸಂಗಿಲ್ಲ ಅಂತ ಮನಿ ಕೊಡೋವಾಗ ಮಾತಾಗಿತ್ತಿಲ್ಲೇನು? ಇನ್ನೊಂದ್ಸಲ ಈ ವಾಸ್ನಿ ಬಂದ್ರ ನಿಮ್ ಪಾತ್ರಿ ಪಡಗ ಬೀದ್ಯಾಗಿರ್ತಾವ."

"ಬರಂಗಿಲ್ರಿ," ಅಂದಳು ಮಮ್ಮಿ. ಬಾಗಿಲು ಹಾಕಿಕೊಂಡ ಮೇಲೆ, "ಈಕಿ ಮೂಗಿಗೆ ಬೆಂಕಿ ಬೀಳ," ಅಂದಳು.

ಮರುದಿನ ಉಪಾಯ ಹೂಡಿದಳು. ನಮ್ಮ ಓವನ್ ಅಂದರೆ ದೊಡ್ಡ ಬಿಸ್ಕತ್ ಡಬ್ಬಿ: ತಳದಲ್ಲಿ ಮರಳು, ಕೆಳಗೆ ಶೇಗಡಿಯ ಕೆಂಡ, ಮುಚ್ಚಳದ ಮೇಲೂ ಕೆಂಡ. ಬೇಕನ್ನನ್ನು ತೆಳ್ಳಗೆ ಕೊಯ್ದು, ಚಮಚದಿಂದ ಬೆಲ್ಲದ ಪಾಕ ಸವರಿ, ಏಲಕ್ಕಿ, ಜಾಜಿಕಾಯಿ ಧಾರಾಳವಾಗಿ ಉದುರಿಸಿ, ತಂತಿಯ ಜಾಲರಿಯ ಮೇಲೆ ಹರವಿ ಒಳಗಿಟ್ಟಳು. ಅಂಚು ಗರಿಗರಿಯಾಗಿ ಬೆಲ್ಲ ಹೊಳೆಯತೊಡಗಿದಾಗ, ಐ ಸ್ವೇರ್, ಅಂಗಳದ ತುಂಬ ಹೋಳಿಗೆಯ ವಾಸನೆ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಗಂಗಮ್ಮ, ಕೈಯಲ್ಲಿ ಖಾಲಿ ತಟ್ಟೆ. ನಮ್ಮ ಮನೆಯ ಚಹಾ ಮುಟ್ಟದವಳಿಗೂ ಹೋಳಿಗೆ ಅಂದರೆ ನಿಯಮ ಸಡಿಲ.

"ಹೋಳ್ಗಿ ಮಾಡೀರೇನ್ರಿ? ನಮ್ಮತ್ತಿ ವಾಸ್ನಿಗೇ ಎದ್ದು ಕುಂತಾರ. ಒಂದರ ಕೊಡ್ರಿ."

ಮಮ್ಮಿ ಬಾಗಿಲನ್ನು ಅರ್ಧ ಮುಚ್ಚಿದಳು. "ಎಲ್ಲಾ ಹೊತ್ತಿ ಹೋತ್ರಿ."

"ಹೊತ್ತಿದ ವಾಸ್ನಿ ನನಗ ತಿಳಿಯಂಗಿಲ್ಲೇನು? ಯುಗಾದಿಗೆ ನಾ ಕೊಟ್ಟಿದ್ದು ಚಪ್ಪರ್ಸ್ಕೊಂಡು ತಿಂದ್ರಿ."

ಗಂಗಮ್ಮನಿಗೆ ತಿಳಿಯದಿರಲೆಂದು ನಾನು ಇಂಗ್ಲಿಷಿನಲ್ಲಿ ಪಿಸುಗುಟ್ಟಿದೆ: "ಮಮ್ಮಿ, ದೇರ್ ಈಸ್ ಸಿರಪ್ ಲೆಫ್ಟ್, ಗಿವ್ ಹರ್ ದಟ್."

"ಶಟ್ ಅಪ್," ಅಂದಳು ಮಮ್ಮಿ. ಬಾಗಿಲಿಗೆ ಅಡ್ಡ ನಿಂತು, "ಕೊಡಾಕ ಬರಂಗಿಲ್ರಿ," ಅಂದಳು.

"ಕದ ಹಾಕ್ಕೊಂಡು ತಿನ್ನೋ ಮಂದಿ ನನ್ ಮನ್ಯಾಗ ಬ್ಯಾಡ. ತಿಂಗ್ಳು ತುಂಬಿದ್ ಕೂಡ್ಲೇ ಖಾಲಿ ಮಾಡ್ರಿ," ಎಂದು ಗಂಗಮ್ಮ ಇಡೀ ಓಣಿಗೆ ಕೇಳುವಂತೆ ಹೇಳಿ ಹೋದಳು.

ನಾನು ಅತ್ತೆ. ಪಾಕ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಜಗಳ ತೆಗೆದೆ.

"ಆ ಪಾಕದಾಗ ಮಾಂಸಕ್ಕ ಮುಟ್ಟಿದ ಚಮಚ ಅದ್ದೀನಿ. ಆಕಿ ನಮಗ ಎಷ್ಟ್ ಕೆಟ್ಟಾಕಿ ಇದ್ರೂ ಅದನ್ನ ಆಕಿ ಬಾಯಿಗೆ ಹಾಕಬಾರದು," ಅಂದಳು ಮಮ್ಮಿ.

ಹೀಗೆ ತಿಂದ ಬೇಕನ್ನಿಗಲ್ಲ, ಕೊಡದ ಹೋಳಿಗೆಗೆ ನಮ್ಮ ಮನೆ ಹೋಯಿತು. ಮಮ್ಮಿ, ಡ್ಯಾಡಿ ಹರಿಹರಕ್ಕೆ ಹೋದರು. ನನ್ನನ್ನು ಕಾನ್ವೆಂಟಿನ ಬೋರ್ಡಿಂಗ್‌ಗೆ ಹಾಕಿದರು. ಮಮ್ಮಿಯ ಅಡುಗೆ ಆಮೇಲೆ ರಜಕ್ಕೆ ಮಾತ್ರ ಸಿಕ್ಕಿತು.

ಈಗ ಶಾಮನೂರಿನ ಕಡೆಯ ಹೊಸ ಲೇಔಟ್‌ನಲ್ಲಿ ಸೊಸೆಯ ಎಲೆಕ್ಟ್ರಿಕ್ ಓವನ್ ಇದೆ. ಬೇಕನ್ ಬೆಂಗಳೂರಿನಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ನಾನು ಅದಕ್ಕೆ ಬೆಲ್ಲ, ಏಲಕ್ಕಿಯನ್ನೇ ಹಚ್ಚುತ್ತೇನೆ. ವಾಸನೆ ಅದೇ. ಗಂಗಮ್ಮನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಆದರೂ ಓವನ್ "ಟಿಂಗ್" ಅಂದಾಗ ಕಿವಿ ಬಾಗಿಲಿನ ಕಡೆ ಹೋಗುತ್ತದೆ. ಅಡ್ಡ ನಿಲ್ಲಲು ಮಮ್ಮಿ ಇಲ್ಲ. ತಟ್ಟೆ ಹಿಡಿದು ಬಂದು, ಕೊಡಲಿಲ್ಲವೆಂದು ಬೈದು ಹೋಗುವವರು ಈ ರಸ್ತೆಯಲ್ಲಿ ಯಾರೂ ಇಲ್ಲ.