ಅಣ್ಣ ತಂದುಕೊಟ್ಟ ಹಕ್ಕಿಗಳು

ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮನೆ ಇರುವುದು ವಿಜಯಪುರದ ಅಥಣಿ ರಸ್ತೆಯಲ್ಲಿ. ಕೆಲವು ವರ್ಷಗಳ ಹಿಂದೆ ಗೆಳತಿಯೊಬ್ಬಳು ಒಂದು ದಪ್ಪ ಪುಸ್ತಕ ಕೊಟ್ಟಳು. ಹದಿನೆಂಟನೇ ಶತಮಾನದಲ್ಲಿ ನಮ್ಮ ದೇಶದ ಚಿತ್ರಗಾರರು ಇಂಗ್ಲಿಷ್ ದೊರೆಗಳಿಗಾಗಿ ಬರೆದ ಹಕ್ಕಿಗಳ ಚಿತ್ರಗಳು ಅದರಲ್ಲಿದ್ದವು. ಬಿಳಿ ಹಾಳೆ, ಒಂದು ರೆಂಬೆ, ಅದರ ಮೇಲೊಂದು ಹಕ್ಕಿ. ಗರಿಯ ಎಳೆ ಎಳೆಯನ್ನೂ ಬಿಡಿಸಿದ್ದರು. ಎಷ್ಟೋ ಹಕ್ಕಿಗಳನ್ನು ಕೊಂದು ಎದುರಿಗಿಟ್ಟುಕೊಂಡೇ ಬರೆದರಂತೆ. ಅದನ್ನು ಓದಿದ ಮೇಲೂ ಆ ಚಿತ್ರಗಳಿಂದ ಕಣ್ಣು ಕೀಳಲಾಗಲಿಲ್ಲ. ಹಾಗೆ ಬರೆಯುವುದನ್ನು ಕಲಿಯಲೇಬೇಕೆಂದು ಕೂತೆ.

ಇದಕ್ಕೆ ನನಗಿಂತ ಹೆಚ್ಚು ಖುಷಿಪಟ್ಟವನು ನನ್ನಣ್ಣ. ಘೋಣಸಗಿಯಲ್ಲಿ ಅವನ ದ್ರಾಕ್ಷಿ ತೋಟ. ಹಣ್ಣು ಮಾಗುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳು ಹಿಂಡುಗಟ್ಟಿ ಬರುತ್ತವೆ. ಅವು ಇಳಿಯದಂತೆ ಬಳ್ಳಿಗಳಿಗೆ ಬಲೆ ಹೊದಿಸುತ್ತಾರೆ. ಅದರಲ್ಲಿ ಸಿಕ್ಕಿ ಸತ್ತ ಹಕ್ಕಿಯನ್ನು ಅಣ್ಣ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಮೋಟರ್‌ಸೈಕಲ್ ಮೇಲೆ ಟಿಕೋಟ ದಾಟಿ ನನ್ನ ಮನೆಗೆ ತರುತ್ತಿದ್ದ.

"ತಂಗಿ, ಲಗೂನ ಕುಂಡ್ರು. ಬಣ್ಣ ಹೋಗೂದ್ರಾಗ ಚಿತ್ರ ತಗಿ," ಎನ್ನುತ್ತಿದ್ದ. ನಾನು ಬರೆಯುವಷ್ಟು ಹೊತ್ತೂ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದ. "ಪಾಪ, ನನ್ನ ಬಲ್ಯಾಗನ ಸತ್ತೈತಿ. ನಿನ್ನ ಹಾಳ್ಯಾಗರೆ ಬದಕ್ಲಿ."

ಹೋದ ವರ್ಷ ಹಣ್ಣು ಕೊಯ್ಯುವಾಗಲೇ ಅಣ್ಣನಿಗೆ ತೋಟದಲ್ಲಿ ಎದೆನೋವು ಬಂತು. ವಿಜಯಪುರದ ಆಸ್ಪತ್ರೆಗೆ ತರುವಷ್ಟರಲ್ಲಿ ಜೀವ ಹೋಗಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ವೈನಿ, ಅಣ್ಣನ ಹೆಂಡತಿ, ನನ್ನ ಕೈ ಹಿಡಿದುಕೊಂಡಳು. "ಫೋಟೋದಾಗ ಅವರು ಬಿಗದು ಕುಂತಾರ, ಅವರಂಗ ಕಾಣ್ಸೂದಿಲ್ಲ. ನೀ ಹಕ್ಕಿ ತಗದಂಗ ಅವರ್ನ ತಗದು ಕೊಡು ತಂಗಿ."

ಹಕ್ಕಿಗಳಿಂದ ಕಲಿತದ್ದನ್ನೆಲ್ಲ ಅಣ್ಣನ ಮುಖಕ್ಕೆ ಸುರಿದೆ. ಮೀಸೆಯ ನರೆ, ಹುಬ್ಬಿನ ಮೇಲಿನ ಗಾಯದ ಕಲೆ, ಬಿಸಿಲಿಗೆ ಸುಟ್ಟ ಕಿವಿಯ ಅಂಚು. ಬರೆಯುತ್ತ ಎಷ್ಟೋ ಸಲ ಅತ್ತೆ. ಮುಗಿಸಿ ಘೋಣಸಗಿಗೆ ಒಯ್ದೆ. ವೈನಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಎಲ್ಲಾ ಬರೋಬರಿ ಐತಿ," ಎಂದಳು. "ಆದ್ರ ಇಷ್ಟೊತ್ತು ಅವರು ಯಾವಾಗ ಸುಮ್ಮ ಇದ್ರು ಬೇ?"

"ಇನ್ನೊಂದು ತಗೀತೇನಿ ವೈನಿ," ಎಂದೆ.

"ಬ್ಯಾಡ. ನಿನಗೂ ತ್ರಾಸ, ನನಗೂ ತ್ರಾಸ. ಇದು ಇರ್ಲಿ."

ತನ್ನ ಸೀರೆಯೊಂದರಲ್ಲಿ ಸುತ್ತಿ ಅದನ್ನು ಟ್ರಂಕಿನಲ್ಲಿಟ್ಟಳು. ಸಂಜೆ ಬಸ್ಸಿನ ತನಕ ಬಂದು, "ಮುಂದಿನ ಐತಾರ ಬಾ. ಏನೂ ತರಬ್ಯಾಡ, ಸುಮ್ಮ ಬಾ," ಎಂದಳು.

ಭಾನುವಾರಗಳಲ್ಲಿ ಹೋಗುತ್ತಿರುತ್ತೇನೆ. ಜೋಳದ ರೊಟ್ಟಿ ಬಡಿಯುತ್ತ ಇಬ್ಬರೂ ಅಣ್ಣನ ಸುದ್ದಿ ಮಾತಾಡುತ್ತೇವೆ. ಆ ಚಿತ್ರದ ನಂತರ, ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದು ಬಿಟ್ಟರೆ ನಾನು ಕುಂಚ ಮುಟ್ಟಿಲ್ಲ.