ಮೈಗಳ್ಳಿಯಲ್ಲದ ಪುಟ್ಟಮಾದಮ್ಮ

ಬೇಗೂರಿನ ಪುಟ್ಟಮಾದಮ್ಮನನ್ನು ಇಪ್ಪತ್ತು ವರ್ಷ ಎಲ್ಲರೂ ಮೈಗಳ್ಳಿ ಎಂದೇ ಕರೆದರು. ಚೆಂಡುಹೂವಿನ ಹೊಲದಲ್ಲಿ ಅಕ್ಕ ಸುಂದ್ರಮ್ಮ ಮೂರು ಸಾಲು ಬಿಡಿಸುವಷ್ಟರಲ್ಲಿ ಇವಳು ಒಂದು ಸಾಲಿಗೇ ಕಣ್ಣು ಕತ್ತಲೆ ಬಂದು ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಒಂದೇ ತಾಯಿಯ ಮಕ್ಕಳು, ಒಂದೇ ಬೀದಿಗೆ ಸೊಸೆಯರಾಗಿ ಬಂದವರು, ಒಂದೇ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿದವರು. ತಪ್ಪು ತನ್ನದೇ ಇರಬೇಕೆಂದು ಪುಟ್ಟಮಾದಮ್ಮನೂ ನಂಬಿದ್ದಳು.

ಎರಡು ವರ್ಷದ ಹಿಂದೆ ಹೊಟ್ಟೆಹುಳುವಿನ ಅಧ್ಯಯನಕ್ಕೆಂದು ಒಂದು ತಂಡ ಊರಿಗೆ ಬಂತು. ಗುಂಡ್ಲುಪೇಟೆಯ ಸಲ್ಮಾ ಅದರ ಲ್ಯಾಬ್ ಟೆಕ್ನಿಷಿಯನ್. ಸಣ್ಣ ಡಬ್ಬಿ ಕೊಟ್ಟು ಮಲದ ಮಾದರಿ ಕೇಳಿದಾಗ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಸಲ್ಮಾ ಮರುದಿನವೂ ಬಂದಳು, ಮೂರನೆಯ ದಿನವೂ ಬಂದಳು. ಪುಟ್ಟಮಾದಮ್ಮನ ಕೆಳರೆಪ್ಪೆ ಎಳೆದು ನೋಡಿ, "ಎಷ್ಟು ದಿನದಿಂದ ಹೀಗೆ ಬಿಳಿಚಿಕೊಂಡಿದ್ದೀರಿ?" ಎಂದಳು. ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಹನ್ನೆರಡಾದರೂ ಇರಬೇಕಿದ್ದ ಪುಟ್ಟಮಾದಮ್ಮನ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಅಂಗಾಲಿನಿಂದ ಒಳಹೊಕ್ಕು ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳು ಅಕ್ಕನಲ್ಲಿ ಒಂದಿಷ್ಟು, ತಂಗಿಯಲ್ಲಿ ವಿಪರೀತ. ಮಾತ್ರೆ ನುಂಗಿದ ಮೇಲೆ ಹೋದವು. ಎಂಟು ತಿಂಗಳಲ್ಲಿ ತಂಗಿಗೆ ಮಾತ್ರ ಮತ್ತೆ ಮೊದಲಿನಷ್ಟೇ ಹುಳು ಹತ್ತಿದವು.

ಇಬ್ಬರ ರಕ್ತದ ಪರೀಕ್ಷೆಯೂ ಮುಗಿದ ಮೇಲೆ ಸಲ್ಮಾ ಜಗುಲಿಯಲ್ಲಿ ಅಕ್ಕತಂಗಿಯರ ಜೊತೆ ಕೂತು ಪುಟ್ಟಮಾದಮ್ಮನಿಗೆ ವಿವರಿಸಿದಳು. "ಅಕ್ಕನ ಮೈ ಹುಳುವನ್ನ ಬೇಗ ಗುರುತು ಹಿಡಿದು ಅದರ ಮೇಲೆ ಬೀಳತ್ತೆ. ನಿಮ್ಮ ಮೈ ಹಾಗೆ ಮಾಡಲ್ಲ. ಇದರಲ್ಲಿ ಒಂದು ಪಾಲು ಜೀನ್‌ನಿಂದ, ಹುಟ್ಟುವಾಗಲೇ ಬಂದಿರೋದು. ನಿಮ್ಮ ತಪ್ಪಲ್ಲ."

"ಒಂದೇ ಒಟ್ಟೇಲಿ ಉಟ್ಟಿಲ್ವಾ ನಾವು?" ಎಂದಳು ಸುಂದ್ರಮ್ಮ.

"ಹುಟ್ಟಿದ್ದೀರಿ. ಆದ್ರೆ ಅಪ್ಪ ಅಮ್ಮನ ಜೀನು ಒಬ್ಬೊಬ್ಬರಿಗೆ ಒಂದೊಂದು ಥರ ಹಂಚಿಹೋಗತ್ತೆ. ಹುಳುವಿನ ಮೇಲೆ ಜೋರಾಗಿ ಬೀಳೋ ಮೈ ಧೂಳಿಗೂ ಹಾಗೇ ಕೆರಳಬಹುದು ಅಂತ ನಮ್ಮ ತಂಡದ ಡಾಕ್ಟರ ಅನುಮಾನ. ಚಳಿಗಾಲದಲ್ಲಿ ನಿಮಗೆ ಉಬ್ಬಸ ಬರತ್ತಲ್ಲ ಸುಂದ್ರಮ್ಮ, ಅದಕ್ಕೆ ಇದೂ ಕಾರಣ ಇರಬಹುದು."

ಸುಂದ್ರಮ್ಮ ತಂಗಿಯ ಕೈ ಹಿಡಿದು, "ಸುಮ್‌ಸುಮ್ನೆ ನಿನ್ನ ಮೈಗಳ್ಳಿ ಅಂದ್ಬುಟ್ಟೆ ಕಣಮ್ಮಿ. ಮನಸಲ್ಲಿ ಮಡಿಕೋಬ್ಯಾಡ," ಎಂದಳು. ಪುಟ್ಟಮಾದಮ್ಮ ತಲೆಯಾಡಿಸಿದಳು, ಕಣ್ಣೀರು ಮಾತ್ರ ನಿಲ್ಲಲಿಲ್ಲ.

ಈಗ ಪುಟ್ಟಮಾದಮ್ಮನಿಗೆ ಆರು ತಿಂಗಳಿಗೊಮ್ಮೆ ಹುಳುವಿನ ಮಾತ್ರೆ, ದಿನಾ ಕಬ್ಬಿಣದ ಮಾತ್ರೆ, ಹೊಲಕ್ಕೆ ರಬ್ಬರ್ ಶೂ. ಸಂಜೆವರೆಗೂ ಹೂ ಬಿಡಿಸುತ್ತಾಳೆ. ತಂಡ ಬಂದಾಗ ಡಬ್ಬಿಗಳನ್ನು ಮನೆಮನೆಗೆ ಹಂಚುವವಳೂ ಅವಳೇ. ಅವಳ ಮುಂದೆ ಯಾರೂ ನಗುವುದಿಲ್ಲ.

ಮೊನ್ನೆ ಬಸ್ ಹತ್ತಲು ನಿಂತಿದ್ದ ಸಲ್ಮಾಳ ಚೀಲಕ್ಕೆ ಅವರೆಕಾಯಿ ತುಂಬಿಸುತ್ತಾ ಅವಳು ಹೇಳಿದಳು: "ಮಾತ್ರೆ ಯಾರಾದ್ರೂ ಕೊಡೋರು. ನನ್ ತಪ್ಪಲ್ಲ ಅಂತ ಏಳಿದ್ದು ನೀನೇ ಕಣವ್ವ."