ಬೀರುವಿನೊಳಗಿನ ಬಾಣಂತಿ

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದರು. ಇರುವೆ ಸಾಕುವ ಆಸೆಯಿಂದ, ಮೊದಲ ಮಳೆಗೆ ರೆಕ್ಕೆ ಉದುರಿಸಿಕೊಂಡ ರಾಣಿ ಇರುವೆಯೊಂದನ್ನು ಹಿಡಿದು, ಗಾಜಿನ ಕೊಳವೆಯಲ್ಲಿ ಹಾಕಿ, ಬೀರುವಿನ ಕತ್ತಲಲ್ಲಿಟ್ಟರು. ಅದು ಮೊಟ್ಟೆಯಿಟ್ಟಿತು.

"ಬಾಣಂತಿ ಕಣ್ರೀ, ತೊಂದ್ರೆ ಕೊಡ್ಬಾರ್ದು," ಎನ್ನುತ್ತಲೇ ಮನೆಗೆ ಬಂದವರಿಗೆಲ್ಲ ಬೀರು ತೆರೆಯುತ್ತಿದ್ದರು. ಒಂದು ಕೈಯ ಬೆರಳು ತುಟಿಯ ಮೇಲೆ, ಇನ್ನೊಂದು ಕೈಯಲ್ಲಿ ಮೊಬೈಲ್ ಟಾರ್ಚು. ಗ್ಯಾಸ್ ತಂದವನಿಗೂ ಅದೇ ಮಾತು, ಅದೇ ಟಾರ್ಚು. ಒಂದು ಸಂಜೆ, ಬಾಣಂತಿಗೆ ಒಳ್ಳೆಯದೆಂದು ಸಾಂಬ್ರಾಣಿ ಹೊಗೆಯನ್ನೂ ಹಾಕಿದರು.

ಬೆಳಿಗ್ಗೆ ನೋಡಿದರೆ, ಗಾಬರಿಬಿದ್ದ ರಾಣಿ ತನ್ನ ಮೊಟ್ಟೆಗಳನ್ನೆಲ್ಲ ತಾನೇ ತಿಂದು ಮುಗಿಸಿತ್ತು.

"ಎಂಥಾ ತಾಯಿ ಕಣ್ರೀ ಇದು!" ಎಂದು ನನ್ನೆದುರು ಸಿಡುಕಿದರು.

ಕಾಫಿ ಲೋಟ ಇಡುತ್ತ ಅವರ ಹೆಂಡತಿ ಹೇಳಿದರು: "ನನ್ ಬಾಣಂತನದಲ್ಲಿ ನೀವು ಒಂದಿನಾನೂ ಬಂದು ಇಣುಕ್ಲಿಲ್ಲ. ಅದ್ಕೇ ನನ್ ಮಕ್ಳು ಉಳ್ಕಂಡೋ."